ಕೊಳವೆಬಾವಿ, ಕೃಷಿ ಹೊಂಡ, ಹಳೆಯ ತೆರೆದ ಬಾವಿ: ಬಯಲುಸೀಮೆಯ ಖುಷ್ಕಿ ಹೊಲಕ್ಕೆ ಯಾವುದು ಸರಿ?

ಮುಂಗಾರು ಕೈಕೊಟ್ಟ ವರ್ಷ ಮುಗಿಯುವ ಹೊತ್ತಿಗೆ ಬಯಲುಸೀಮೆಯ ಖುಷ್ಕಿ ಕುಟುಂಬಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ಮುಂದಿನ ವರ್ಷಕ್ಕಾದರೂ ಹೊಲಕ್ಕೆ ನೀರಿನ ಆಸರೆ ಮಾಡಿಕೊಳ್ಳಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಈ ಮಾತು ಸಾವಿರಾರು ಮನೆಗಳಲ್ಲಿ ನಿರ್ಧಾರವಾಗಿ ಬದಲಾಯಿತು. ಬಹಳಷ್ಟು ಕಡೆ ಆ ನಿರ್ಧಾರವು ರಿಗ್ ಲಾರಿಯನ್ನು ಕರೆಸುವುದರಲ್ಲಿ ಕೊನೆಗೊಂಡಿತು. ಎರಡು ಮೂರು ಎಕರೆ ಜಮೀನಿರುವ ಕುಟುಂಬವು ತನ್ನ ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ಖರ್ಚುಗಳಲ್ಲಿ ಕೊಳವೆಬಾವಿಯೂ ಒಂದು. ಆದರೂ ಒಂದು ಜೊತೆ ಎತ್ತು ಕೊಳ್ಳುವಾಗ ಮಾಡುವಷ್ಟು ವಿಚಾರಣೆಯನ್ನೂ ಅನೇಕರು ಅದರ ವಿಷಯದಲ್ಲಿ ಮಾಡುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಸಣ್ಣ ಹಿಡುವಳಿದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆಯಲಾಗಿದೆ. ನಾಲೆ ನೀರು ಬರುವ ಪ್ರದೇಶಗಳ ಲೆಕ್ಕಾಚಾರ ಬೇರೆಯೇ ಇರುವುದರಿಂದ ಅದನ್ನು ಇಲ್ಲಿ ತಂದಿಲ್ಲ.

ಮೊದಲು ಬೆಳೆಯ ಲೆಕ್ಕ

ನೀರಿನ ಮೂಲವನ್ನು ಆರಿಸುವ ಮೊದಲು ಎಷ್ಟು ನೀರು ಬೇಕೆಂಬುದನ್ನು ಲೀಟರಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಒಂದು ಎಕರೆ ಹೊಲಕ್ಕೆ ಐದು ಸೆಂಟಿಮೀಟರ್ ಆಳ ನಿಲ್ಲುವಷ್ಟು ನೀರು ಹಾಯಿಸಿದರೆ ಸುಮಾರು 2 ಲಕ್ಷ ಲೀಟರ್ ಖರ್ಚಾಗುತ್ತದೆ. ಅದೇ ಎಕರೆಗೆ ತುಂತುರು ನೀರಾವರಿಯಲ್ಲಿ ಮೂರು ಸೆಂಟಿಮೀಟರ್ ಕೊಟ್ಟರೆ 1.2 ಲಕ್ಷ ಲೀಟರ್ ಸಾಕು. ಬೇಸಿಗೆಯಲ್ಲಿ ತುಂಬಿ ನಿಂತ ಟೊಮೆಟೊ ಅಥವಾ ಹಿಪ್ಪುನೇರಳೆ ಬೆಳೆಯು ಹನಿ ನೀರಾವರಿಯಲ್ಲೂ ದಿನಕ್ಕೆ ಎಕರೆಗೆ 20,000 ಲೀಟರ್ ಆಸುಪಾಸು ಕೇಳುತ್ತದೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಗಿಡಗಳಂತೆ ಅಡಿಕೆ ಹಾಕಿದವರು, ಗಿಡಕ್ಕೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ, ಮಳೆಯಿಲ್ಲದ ಪ್ರತಿ ದಿನವೂ 10,800 ಲೀಟರ್ ಹೊಂದಿಸಬೇಕಾಗುತ್ತದೆ.

ಈ ಅಂಕಿಗಳು ಎರಡು ಬಗೆಯ ಅಗತ್ಯವನ್ನು ಬೇರೆ ಮಾಡಿ ತೋರಿಸುತ್ತವೆ. ರಾಗಿ, ತೊಗರಿ, ಶೇಂಗಾದಂಥ ಮಳೆಯಾಶ್ರಿತ ಬೆಳೆಗೆ ಬೇಕಿರುವುದು ಮಳೆ ಬಿಡುವು ಕೊಟ್ಟ ಎರಡು ಮೂರು ವಾರಗಳಲ್ಲಿ ಬೆಳೆಯನ್ನು ಉಳಿಸಿಕೊಳ್ಳುವ ಒಂದೆರಡು ನೀರು. ತರಕಾರಿ, ರೇಷ್ಮೆ ಮತ್ತು ತೋಟದ ಬೆಳೆಗಳಿಗೆ ಬೇಕಿರುವುದು ವರ್ಷವಿಡೀ ತಪ್ಪದೆ ಬರುವ ನೀರು. ಮೊದಲನೆಯದಕ್ಕೆ ಎರಡನೆಯದರ ಖರ್ಚು ಮಾಡುವುದು ಹಾಗೂ ಎರಡನೆಯದನ್ನು ಮೊದಲನೆಯದರ ಮೂಲದಿಂದ ನಿರೀಕ್ಷಿಸುವುದು, ಈ ಎರಡೂ ತಪ್ಪುಗಳು ನಮ್ಮ ಭಾಗದಲ್ಲಿ ಧಾರಾಳವಾಗಿ ನಡೆಯುತ್ತಿವೆ.

ಕೊಳವೆಬಾವಿ

ಬಯಲುಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ಮೇಲಿನ ಕೆಲವು ಹತ್ತಾರು ಅಡಿಗಳಲ್ಲಿ ಕೊಳೆತು ಪುಡಿಯಾದ ಕಲ್ಲಿನ ಪದರವಿದ್ದು, ಮಳೆ ನೀರು ಇಂಗಿ ನಿಲ್ಲುವುದು ಮುಖ್ಯವಾಗಿ ಅಲ್ಲಿಯೇ. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ಸಿಗುತ್ತದೆ. ಆಳಕ್ಕೆ ಹೋದಂತೆ ಬಿರುಕುಗಳು ಕಡಿಮೆಯಾಗುತ್ತವೆ ಮತ್ತು ಅವುಗಳಲ್ಲಿರುವ ನೀರು ಮತ್ತೆ ತುಂಬುವುದು ಬಹಳ ನಿಧಾನ. ಆದ್ದರಿಂದ 300 ಅಡಿಯಲ್ಲಿ ಸಿಗದ ನೀರು 1,200 ಅಡಿಯಲ್ಲಿ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಗೆ ನೆಲದೊಳಗೆ ಆಧಾರವಿಲ್ಲ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಹಲವು ಹಳ್ಳಿಗಳಲ್ಲಿ ಸಾವಿರ ಅಡಿ ದಾಟಿದ ಮೇಲೂ ಬರಿ ಧೂಳೆದ್ದ ಬಾವಿಗಳು ಸಾಲುಸಾಲಾಗಿವೆ.

ಖರ್ಚಿನ ಸ್ವರೂಪವನ್ನೂ ತಿಳಿದಿರಬೇಕು. ಕೊರೆಯುವ ದರವು ಪ್ರತಿ ಅಡಿಗೆ ಒಂದೇ ಆಗಿರುವುದಿಲ್ಲ. ಆಳ ಹೆಚ್ಚಿದಂತೆ ಹಂತ ಹಂತವಾಗಿ ಏರುತ್ತದೆ. ಹೀಗಾಗಿ ಕೊನೆಯ 300 ಅಡಿಗೆ ಆಗುವ ಖರ್ಚು ಮೊದಲ 300 ಅಡಿಯ ಖರ್ಚಿಗಿಂತ ಎಷ್ಟೋ ಹೆಚ್ಚು. ಆ ಹೊತ್ತಿಗೆ ರಾತ್ರಿಯಾಗಿರುತ್ತದೆ, ರಿಗ್ ನಿಂತಿದ್ದಷ್ಟೂ ಆತಂಕ ಹೆಚ್ಚುತ್ತದೆ, ಸುತ್ತ ನಿಂತವರು ಇನ್ನೊಂದು ನೂರು ಅಡಿ ನೋಡೋಣ ಎನ್ನುತ್ತಾರೆ. ಬಾವಿ ಕೊರೆಸುವ ಕುಟುಂಬವು ನಿಲ್ಲಿಸಬೇಕಾದ ಆಳವನ್ನು ರಿಗ್ ಬರುವ ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಈ ಖರ್ಚಿಗೆ ಅಡವಿಡುವುದು ಬಹುಪಾಲು ಮನೆಯ ಹೆಣ್ಣುಮಕ್ಕಳ ಒಡವೆಯನ್ನಾದ್ದರಿಂದ ಆ ತೀರ್ಮಾನದಲ್ಲಿ ಅವರ ಮಾತಿಗೆ ತೂಕವಿರಲೇಬೇಕು. ಕೊರೆಯುವ ಖರ್ಚಿನ ಮೇಲೆ ಕೇಸಿಂಗ್ (ಬಾವಿಯ ಮೇಲ್ಭಾಗ ಕುಸಿಯದಂತೆ ಇಳಿಸುವ ಹೊರಕೊಳವೆ), ಪೈಪು, ಕೇಬಲ್, ಮೋಟಾರ್, ಸ್ಟಾರ್ಟರ್ ಮತ್ತು ವಿದ್ಯುತ್ ಸಂಪರ್ಕದ ವೆಚ್ಚ ಬರುತ್ತದೆ. ಮುಂದೆ ಮೋಟಾರ್ ಸುಟ್ಟಾಗಲೆಲ್ಲ ಅದನ್ನು ಮೇಲೆತ್ತಿ, ಸುತ್ತಿಸಿ, ಮತ್ತೆ ಇಳಿಸುವ ಖರ್ಚು ಬೇರೆ.

ನೀರು ಬಿದ್ದಾಗ ಜನ ಕೇಳುವ ಮೊದಲ ಪ್ರಶ್ನೆ, ಎಷ್ಟು ಇಂಚು? ಇಲ್ಲಿ ಒಂದು ಸೂಕ್ಷ್ಮವಿದೆ. ಈ ಇಂಚನ್ನು ಅಳೆಯುವುದು ವಿ ಆಕಾರದ ಕಚ್ಚು ಮಾಡಿದ ತಗಡಿನ ಮೇಲೆ ಹರಿಯುವ ನೀರಿನ ಎತ್ತರದಿಂದ. ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ತೊಂಬತ್ತು ಡಿಗ್ರಿ ಕಚ್ಚಿನಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಎಂದರೆ ಸುಮಾರು 2,900 ಲೀಟರ್, ಮೂರು ಇಂಚು ಎಂದರೆ ಸುಮಾರು 8,000 ಲೀಟರ್. ಒಂದು ಇಂಚು ನೀರು ಎರಡು ಇಂಚಿನ ಅರ್ಧ ಎಂದುಕೊಂಡು ಅರ್ಧ ಎಕರೆ ಟೊಮೆಟೊ ನಾಟಿ ಮಾಡಿದವರಿಗೆ ಏಕೆ ನೀರು ಸಾಲದೆಂಬುದು ಇದರಿಂದ ಅರ್ಥವಾಗುತ್ತದೆ. ನೀರಾವರಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ವಿದ್ಯುತ್ ಎಂದು ಹಿಡಿದರೆ, ಎರಡು ಇಂಚಿನ ಬಾವಿ ದಿನಕ್ಕೆ 20,000 ಲೀಟರ್ ಕೊಡುತ್ತದೆ. ಅದು ಬೇಸಿಗೆಯಲ್ಲಿ ಹನಿ ನೀರಾವರಿಯ ಒಂದು ಎಕರೆ ತರಕಾರಿಗೆ ಸರಿಹೋಗುತ್ತದೆ, ಅಷ್ಟೇ. ಒಂದು ಇಂಚಿನ ಬಾವಿಯ ದಿನದ 3,500 ಲೀಟರ್ ನೀರಿನಲ್ಲಿ ಏಳು ಗುಂಟೆಯೂ ದಾಟುವುದಿಲ್ಲ. ಕೊರೆದ ದಿನ ಗಾಳಿಯ ಒತ್ತಡಕ್ಕೆ ಚಿಮ್ಮಿದ ನೀರನ್ನು ಕಂಡು ಬೆಳೆ ನಿರ್ಧರಿಸದೆ, ಮೋಟಾರ್ ಇಳಿಸಿ ಕೆಲವು ದಿನ ಸತತವಾಗಿ ಓಡಿಸಿ ನೋಡಿದ ಮೇಲೆ, ಅದರಲ್ಲೂ ಏಪ್ರಿಲ್ ತಿಂಗಳಿನ ಇಳುವರಿ ನೋಡಿದ ಮೇಲೆ ನಿರ್ಧರಿಸುವುದು ಕ್ಷೇಮ.

ಕಾನೂನಿನ ಕಡೆ ನೋಡುವುದಾದರೆ, ಕರ್ನಾಟಕ ಅಂತರ್ಜಲ ಕಾಯ್ದೆ 2011ರ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಬಾವಿ ಕೊರೆಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ತೆಂಗಿನಕಾಯಿ ಅಥವಾ ಬೇವಿನ ಕವೆಗೋಲು ಹಿಡಿದು ಪಾಯಿಂಟ್ ತೋರಿಸುವವರ ಜೊತೆಗೆ, ಭೂವಿಜ್ಞಾನಿಯಿಂದ ವಿದ್ಯುತ್ ರೋಧದ ಸಮೀಕ್ಷೆಯನ್ನೂ ಮಾಡಿಸಬೇಕು. ಅದೂ ಖಚಿತ ಭರವಸೆಯಲ್ಲ, ಆದರೆ ಬಂಡೆ ಎಲ್ಲಿ ಇಡಿಯಾಗಿದೆ ಎಂಬುದನ್ನಾದರೂ ಅದು ಹೇಳುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಸಣ್ಣ ರೈತರಿಗೆ ಬಾವಿ ಕೊರೆಸಿಕೊಡುವ, ಆಯಾ ಅಭಿವೃದ್ಧಿ ನಿಗಮಗಳ ಗಂಗಾ ಕಲ್ಯಾಣ ಯೋಜನೆಯಿದೆ. ಅರ್ಹತೆ ಇದ್ದವರು ಕೈಸಾಲ ಮಾಡುವ ಮೊದಲು ಅದಕ್ಕೆ ಅರ್ಜಿ ಹಾಕಿ ಕಾಯುವುದು ಲೇಸು. ವಿದ್ಯುತ್ ಮಾರ್ಗದಿಂದ ದೂರವಿರುವ ಬಾವಿಗಳಿಗೆ ಕುಸುಮ್-ಬಿ ಯೋಜನೆಯಡಿ ಸೌರ ಪಂಪ್‌ಸೆಟ್ ದೊರೆಯುತ್ತದೆ. ಕೇಂದ್ರ ಶೇ 30, ರಾಜ್ಯ ಶೇ 50 ಭರಿಸಿ ರೈತರು ಶೇ 20 ಕೊಡುವ ವ್ಯವಸ್ಥೆ ಅದು. ಆದರೆ ಸಾವಿರ ಅಡಿ ಆಳದಿಂದ ನೀರೆತ್ತಲು ದೊಡ್ಡ ಮೋಟಾರ್ ಬೇಕಾಗುವುದರಿಂದ, ತಮ್ಮ ಆಳಕ್ಕೆ ಅದು ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಇನ್ನೊಂದು ವಿಷಯವನ್ನು ಮಾರಾಟಗಾರರು ಯಾರೂ ಹೇಳುವುದಿಲ್ಲ. ಕೊಳವೆಬಾವಿ ಒಬ್ಬರ ಸ್ವತ್ತಾದರೂ ಬಿರುಕಿನ ನೀರು ಒಬ್ಬರದಲ್ಲ. ಪಕ್ಕದ ಹೊಲದಲ್ಲಿ ಇನ್ನೂ ಆಳಕ್ಕೆ ಕೊರೆದರೆ ನಮ್ಮ ಬಾವಿ ಬತ್ತಬಹುದು, ನಾವು ಕೊರೆಸಿದರೆ ಅವರದು ಬತ್ತಬಹುದು. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮದವರು ನೀರಾವರಿಗೆ ಕೊಳವೆಬಾವಿ ಕೊರೆಯುವುದನ್ನೇ ಊರೊಟ್ಟಿನಿಂದ ನಿಲ್ಲಿಸಿ, ಪ್ರತಿ ವರ್ಷ ನೀರಿನ ಲೆಕ್ಕ ಹಾಕಿ ಬೆಳೆ ತೀರ್ಮಾನಿಸುತ್ತಿರುವುದು ಈ ಕಾರಣಕ್ಕೆ. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸಂಭವವೂ ಇದೆ. ಪಾವಗಡ, ಕೋಲಾರದ ಭಾಗದಲ್ಲಿ ಇದು ಹಳೆಯ ಸಂಕಟ. ಹೊಲದ ಬಾವಿಯ ನೀರನ್ನೇ ಕುಡಿಯುವವರು, ಲೀಟರಿಗೆ 1.5 ಮಿಲಿಗ್ರಾಂ ಮಿತಿಯೊಳಗಿದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕೃಷಿ ಹೊಂಡ

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಈ ಹೊಂಡಗಳು ರಾಜ್ಯದ ತುಂಬ ಕಾಣಿಸಿಕೊಂಡವು. ನಡುವೆ ಕೆಲವು ವರ್ಷ ನಿಂತಿದ್ದ ಯೋಜನೆಯನ್ನು 2023-24ರಲ್ಲಿ ಮತ್ತೆ ಜಾರಿಗೆ ತರಲಾಯಿತು. ಬದು, ಹೊಂಡ, ತಂತಿ ಬೇಲಿ, ನೀರೆತ್ತುವ ಪಂಪು ಮತ್ತು ಲಘು ನೀರಾವರಿ ಘಟಕಗಳನ್ನು ಒಟ್ಟಾಗಿ ಕೊಡುವುದು ಅದರ ಕ್ರಮ. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ ಮತ್ತು ಎಫ್‌ಐಡಿ (ರೈತರ ನೋಂದಣಿ ಗುರುತು) ಸಂಖ್ಯೆಯೊಂದಿಗೆ ಅರ್ಜಿ ಸಲ್ಲಿಸಬೇಕು.

ಇದರ ಶಕ್ತಿ ಮತ್ತು ಮಿತಿ ಎರಡೂ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮೇಲ್ಭಾಗದಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವನ್ನು ಇಳಿಜಾರು ಗೋಡೆಗಳೊಂದಿಗೆ ತೆಗೆದರೆ, ಅದರಲ್ಲಿ ಸುಮಾರು 9.8 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಆವಿಯಾಗಿ ಹೋಗುವುದನ್ನು ಕಳೆದು 8 ಲಕ್ಷ ಲೀಟರ್ ಕೈಗೆ ಸಿಕ್ಕಿತೆಂದರೂ, ತುಂತುರು ನೀರಾವರಿಯಲ್ಲಿ ಎರಡೂವರೆ ಎಕರೆ ರಾಗಿಗೆ ಎರಡು ಬಾರಿ ನೀರು ಕೊಟ್ಟು ಇನ್ನೂ 2 ಲಕ್ಷ ಲೀಟರ್ ಉಳಿಯುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ರಾಗಿ ತೆನೆ ಕಟ್ಟುವ ಹೊತ್ತಿಗೆ ಮಳೆ ಹಿಂದೆ ಸರಿದರೆ, ಈ ಎರಡು ನೀರು ಬೆಳೆ ಕೈಗೆ ಸಿಗುವುದಕ್ಕೂ ಬರೀ ಮೇವಾಗುವುದಕ್ಕೂ ನಡುವಿನ ವ್ಯತ್ಯಾಸವಾಗುತ್ತದೆ. ಹೊಂಡ ತುಂಬುವುದೇ ಎಂಬ ಅನುಮಾನವೂ ಬೇಡ. ಒಂದು ಹೆಕ್ಟೇರ್ ಹೊಲದ ಮೇಲೆ 600 ಮಿ.ಮೀ. ಮಳೆ ಬಿದ್ದರೆ ಅದು 60 ಲಕ್ಷ ಲೀಟರ್. ಅದರಲ್ಲಿ ಶೇ 15ರಷ್ಟು ಹರಿದು ಬಂದರೂ 9 ಲಕ್ಷ ಲೀಟರ್ ಆಗುತ್ತದೆ. ಚಳ್ಳಕೆರೆ, ಪಾವಗಡದಂಥ ಇನ್ನೂ ಕಡಿಮೆ ಮಳೆಯ ಕಡೆ ಮೇಲಿನ ಹೊಲದ ನೀರೂ ಹರಿದು ಬರುವಂಥ ಜಾಗವನ್ನು ಆರಿಸಬೇಕು, ಇಲ್ಲವೇ ಚಿಕ್ಕ ಅಳತೆಗೆ ಒಪ್ಪಿಕೊಳ್ಳಬೇಕು.

ಮಿತಿಯೇನೆಂದರೆ, ಇದು ಬೇಸಿಗೆಯ ಆಸ್ತಿಯಲ್ಲ. ಬಿಸಿಲ ದಿನಗಳಲ್ಲಿ ನೀರಿನ ಮಟ್ಟ ದಿನಕ್ಕೆ ಐದಾರು ಮಿಲಿಮೀಟರ್ ಆವಿಯಾಗಿ ಇಳಿಯುತ್ತದೆ. ಮೇಲೆ ಹೇಳಿದ ಅಳತೆಯ ಹೊಂಡ ತುಂಬಿದ್ದಾಗ ಅದು ದಿನಕ್ಕೆ 2,400 ಲೀಟರಿನಷ್ಟು, ತಿಂಗಳಿಗೆ 70,000 ಲೀಟರ್ ದಾಟುತ್ತದೆ. ನೀರನ್ನು ಬೇಸಿಗೆಗೆಂದು ಕಾಪಿಡುವ ಬದಲು ಮುಂಗಾರಿನ ಬಿಡುವಿನಲ್ಲೇ ಬಳಸಿ, ಹಿಂಗಾರಿನ ಮಳೆಗೆ ಹೊಂಡವನ್ನು ಖಾಲಿ ಇಟ್ಟುಕೊಳ್ಳುವುದು ಜಾಣತನ. ಹೊಂಡ ಮತ್ತು ಸುತ್ತಲಿನ ಏರಿ ಸೇರಿ ಐದಾರು ಗುಂಟೆ ಜಮೀನು ಹೋಗುತ್ತದೆ. ಒಂದು ಎಕರೆಗಿಂತ ಕಡಿಮೆ ಇರುವವರಿಗೆ ಇದು ಸಣ್ಣ ಮಾತಲ್ಲ. ಕೆಂಪು ಮಣ್ಣಿನಲ್ಲಿ ನೀರು ಇಂಗಿಹೋಗುವುದರಿಂದ ಪ್ಲಾಸ್ಟಿಕ್ ಹಾಸು ಅನಿವಾರ್ಯ. ಎರೆಭೂಮಿಯಲ್ಲಿ ಹಾಸು ಇಲ್ಲದೆಯೂ ನಡೆಯುತ್ತದೆ. ನೀರು ಒಳಬರುವ ಕಡೆ ಹೂಳು ತಡೆಯುವ ಚಿಕ್ಕ ಗುಂಡಿ ಮಾಡದಿದ್ದರೆ ಕೆಲವೇ ಮಳೆಗಾಲದಲ್ಲಿ ಹೊಂಡ ಅರ್ಧ ತುಂಬಿಬಿಡುತ್ತದೆ.

ಬೇಲಿಯ ವಿಷಯದಲ್ಲಿ ಯಾವ ರಾಜಿಯೂ ಕೂಡದು. ಪ್ಲಾಸ್ಟಿಕ್ ಹಾಸಿದ ಗೋಡೆ ಪಾಚಿ ಕಟ್ಟಿದ ಮೇಲೆ, ಈಜು ಬರುವವರಿಗೂ ಅದರಿಂದ ಹತ್ತಿ ಬರಲು ಆಗುವುದಿಲ್ಲ. ಈ ಹೊಂಡಗಳಲ್ಲಿ ಮಕ್ಕಳು ಜೀವ ಕಳೆದುಕೊಂಡ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ತಂತಿ ಬೇಲಿ ಹಾಕಿ, ಬಾಗಿಲಿಗೆ ಬೀಗವಿಟ್ಟು, ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನವರೆಗೆ ಇಳಿಬಿಡಬೇಕು. ಇದಕ್ಕೆ ಹಣವಿಲ್ಲವೆಂದಾದರೆ ಹೊಂಡ ತೆಗೆಸುವುದನ್ನೇ ಮುಂದಕ್ಕೆ ಹಾಕಬೇಕು.

ತೆರೆದ ಬಾವಿ ಮತ್ತು ಕೆರೆ

ಎತ್ತುಗಳು ಕಪಿಲೆ ಎಳೆಯುತ್ತಿದ್ದ ಕಾಲದ ತೆರೆದ ಬಾವಿಗಳು ಹಲವು ಹೊಲಗಳಲ್ಲಿ ಇಂದು ಕಸದ ಗುಂಡಿಗಳಾಗಿವೆ. ಇವು ಇಂಗಿದ ಮಳೆನೀರನ್ನು ಮೇಲಿನ ಪದರದಿಂದಲೇ ಪಡೆಯುವುದರಿಂದ, ಕೆರೆ ತುಂಬಿದ ವರ್ಷ ತಾವೂ ತುಂಬುತ್ತವೆ. 2021 ಮತ್ತು 2022ರ ಭಾರಿ ಮಳೆಗೆ ಕೋಲಾರದ ಕೆರೆಗಳು ಕೋಡಿ ಬಿದ್ದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಹರಿಯುತ್ತಿರುವ ಕೆರೆಗಳ ಸುತ್ತಲೂ ಅಂತರ್ಜಲ ಮೇಲೆ ಬಂದಿದೆ. ಆದರೆ ಅದು ಎರಡನೇ ಹಂತದವರೆಗೆ ಮಾತ್ರ ಶುದ್ಧಗೊಂಡ ನೀರಾದ್ದರಿಂದ, ಅಂಥ ಕಡೆಯ ಬಾವಿಯ ನೀರನ್ನು ಕುಡಿಯುವುದಕ್ಕಾಗಲಿ ಹಸಿಯಾಗಿ ತಿನ್ನುವ ಸೊಪ್ಪಿಗಾಗಲಿ ಪರೀಕ್ಷೆಯಿಲ್ಲದೆ ಬಳಸಬಾರದೆಂಬುದು ನನ್ನ ಖಚಿತ ನಿಲುವು.

ತಮ್ಮ ಹೊಲ ಕೆರೆಯ ಅಚ್ಚುಕಟ್ಟಿನಲ್ಲೋ ಅದರ ಕೆಳಗಿನ ತಗ್ಗಿನಲ್ಲೋ ಇದ್ದು, ಹಳೆಯ ಬಾವಿಯೊಂದು ಉಳಿದಿದ್ದರೆ, ಅದರ ಹೂಳೆತ್ತಿಸಿ ಕಟ್ಟೆ ಸರಿಪಡಿಸುವುದು ಮೂರೂ ದಾರಿಗಳಲ್ಲಿ ಕಡಿಮೆ ಖರ್ಚಿನದು. ದಿಣ್ಣೆಯ ಹೊಲದವರಿಗೆ ಈ ದಾರಿ ಇಲ್ಲ.

ಏನೂ ಮಾಡದಿರುವುದೂ ಒಂದು ಆಯ್ಕೆ

ಖುಷ್ಕಿಯಾಗಿಯೇ ಉಳಿಯುವುದನ್ನು ಸೋಲೆಂದು ನೋಡುವ ಅಭ್ಯಾಸ ಬಂದುಬಿಟ್ಟಿದೆ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯಂತೆ ಅಕ್ಕಡಿ ಬೆಳೆದು, ಎರಡು ಹಸುಗಳ ಹಾಲನ್ನು ಡೇರಿಗೆ ಹಾಕುವ ಕುಟುಂಬವು, ಬತ್ತಿದ ಕೊಳವೆಬಾವಿಯ ಬಡ್ಡಿ ಕಟ್ಟುವ ಕುಟುಂಬಕ್ಕಿಂತ ನೆಮ್ಮದಿಯಾಗಿದೆ. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಖರೀದಿ ಕೇಂದ್ರದ ನೋಂದಣಿ ತಪ್ಪಿಸಿಕೊಳ್ಳದಿದ್ದರೆ ಈ ಬೆಳೆ ಮೊದಲಿನಷ್ಟು ನಷ್ಟದ್ದಲ್ಲ.

ಯಾರಿಗೆ ಯಾವುದು

ಎರಡರಿಂದ ಐದು ಎಕರೆ ಖುಷ್ಕಿ ಇದ್ದು, ಕೈಯಲ್ಲಿ ಉಳಿತಾಯವಿಲ್ಲದೆ, ಮಳೆಯಾಶ್ರಿತ ಬೆಳೆಯನ್ನೇ ಮುಂದುವರಿಸುವವರು ಹೊಂಡವನ್ನೇ ಮೊದಲು ನೋಡಬೇಕು. ಅದು ಎಷ್ಟೇ ಕೆಟ್ಟ ವರ್ಷದಲ್ಲೂ ಕುಟುಂಬವನ್ನು ಸಾಲದ ಸುಳಿಗೆ ತಳ್ಳುವುದಿಲ್ಲ, ಮುಂದಿನ ಮಳೆಗೆ ಮತ್ತೆ ತುಂಬುತ್ತದೆ. ಕೊಳವೆಬಾವಿಯನ್ನು ನಾನು ಒಪ್ಪುವುದು ಮೂರು ಸಂಗತಿಗಳು ಒಟ್ಟಿಗೆ ಇದ್ದಾಗ ಮಾತ್ರ: ಸುತ್ತಲಿನ ಹೊಲಗಳಲ್ಲಿ ಐನೂರು ಅಡಿಯೊಳಗೆ ಕನಿಷ್ಠ ನಾಲ್ಕೈದು ವರ್ಷಗಳಿಂದ ಬತ್ತದೆ ಓಡುತ್ತಿರುವ ಬಾವಿಗಳಿರಬೇಕು, ಬಾವಿ ಫೇಲಾದರೂ ಜಮೀನು ಮಾರದೆ ತೀರಿಸಬಲ್ಲಷ್ಟೇ ಹಣ ಹಾಕುತ್ತಿರಬೇಕು, ಹನಿ ನೀರಾವರಿಯಲ್ಲಿ ಒಂದು ಎಕರೆಗೆ ತೃಪ್ತರಾಗುವ ಮನಸ್ಸಿರಬೇಕು. ಸಾಲ ಮಾಡಲೇಬೇಕಾದರೆ ಸಹಕಾರ ಸಂಘದ ಶೇ 3 ಬಡ್ಡಿಯ ಮಧ್ಯಮಾವಧಿ ಸಾಲವನ್ನು ಮೊದಲು ಕೇಳಬೇಕು. ವಾರದ ಕಂತಿನ ಸಾಲದಲ್ಲಿ ಬಾವಿ ಕೊರೆಸುವುದಂತೂ ಸಲ್ಲದು. ಕಂತು ಮುಂದಿನ ವಾರವೇ ಆರಂಭವಾಗುತ್ತದೆ, ಟೊಮೆಟೊ ಕೊಯ್ಲಿಗೆ ಎರಡೂವರೆ ತಿಂಗಳಾದರೂ ಬೇಕು.

ಅಡಿಕೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕಾಗಿದೆ. ಚಿತ್ರದುರ್ಗ ಮತ್ತು ತುಮಕೂರಿನ ಒಣ ತಾಲ್ಲೂಕುಗಳಲ್ಲಿ ಹೊಸ ಕೊಳವೆಬಾವಿಯ ನೀರು ನಂಬಿ ಅಡಿಕೆ ಹಾಕುತ್ತಿರುವವರು, ಫಸಲಿಗೆ ಐದಾರು ವರ್ಷ ಕಾದು, ಅದಾದ ಮೇಲೂ ದಶಕಗಟ್ಟಲೆ ಪ್ರತಿ ಬೇಸಿಗೆ ನೀರು ಕೊಡುವ ಹೊಣೆಯನ್ನು ಹೊರುತ್ತಾರೆ. ಬಾವಿಗೆ ಅಷ್ಟು ಆಯುಸ್ಸಿರುವ ಖಾತರಿ ಯಾರೂ ಕೊಡಲಾರರು. ಟ್ಯಾಂಕರ್ ನೀರಿನಲ್ಲಿ ತೋಟ ಉಳಿಸಿಕೊಳ್ಳುವುದು ಎಂಥ ಕಷ್ಟವೆಂದು 2024ರ ಬೇಸಿಗೆ ತೋರಿಸಿದೆ. ತರಕಾರಿಯಾದರೆ ನೀರು ಕಡಿಮೆಯಾದ ವರ್ಷ ನಾಟಿ ಮಾಡದೆ ಸುಮ್ಮನಿರಬಹುದು, ತೋಟಕ್ಕೆ ಆ ಬಿಡುವಿಲ್ಲ.

ಈಗಾಗಲೇ ಬಾವಿಯಿದ್ದು ನೀರು ಕಡಿಮೆಯಾಗಿರುವವರ ಮುಂದೆ ಬೇರೆಯೇ ಆಯ್ಕೆಯಿದೆ: ಇನ್ನೂ ಆಳಕ್ಕೆ ಇಳಿಸುವುದೇ, ಪಕ್ಕದಲ್ಲಿ ಹೊಸದು ಕೊರೆಸುವುದೇ, ಮಳೆನೀರು ಇಂಗಿಸಿ ಇರುವುದಕ್ಕೇ ಮರುಪೂರಣ ಮಾಡುವುದೇ? ಮೊದಲೆರಡಕ್ಕೂ ಮುನ್ನ ಮೂರನೆಯದನ್ನು ಎರಡು ಮಳೆಗಾಲವಾದರೂ ಪ್ರಯತ್ನಿಸಬೇಕು. ಕೇಸಿಂಗ್ ಸುತ್ತ ಹತ್ತು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಕೇಸಿಂಗಿನ ಕೆಳಭಾಗಕ್ಕೆ ಸಣ್ಣ ರಂಧ್ರಗಳನ್ನು ಕೊರೆದು ನೈಲಾನ್ ಜಾಲರಿ ಸುತ್ತಿ, ಗುಂಡಿಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಕೊನೆಗೆ ಮರಳು ತುಂಬುವುದು ಇದರ ಕ್ರಮ. ಹರಿದು ಬರುವ ನೀರು ಮೊದಲು ಚಿಕ್ಕ ಹೂಳು ಗುಂಡಿಯಲ್ಲಿ ನಿಂತು ತಿಳಿಯಾಗಿ ಬರಬೇಕು. ಕೊಟ್ಟಿಗೆಯ ನೀರು, ಔಷಧಿ ಹೊಡೆದ ಹೊಲದ ಮೊದಲ ಮಳೆಯ ನೀರು ಅದರೊಳಗೆ ಸೇರಕೂಡದು. ಕೃಷಿ ಹೊಂಡ ಇರುವವರು ಅದು ತುಂಬಿ ಹೊರಹೋಗುವ ನೀರನ್ನು ಈ ಗುಂಡಿಗೆ ತಿರುಗಿಸಿಕೊಳ್ಳಬಹುದು. ಪೂರ್ತಿ ಬತ್ತಿ ಕೈಬಿಟ್ಟ ಬಾವಿಯನ್ನೂ ಹೀಗೆ ಬಳಸಬಹುದು. ಬಳಸುವುದಿಲ್ಲವಾದರೆ, ಮೋಟಾರ್ ಮೇಲೆತ್ತಿದ ದಿನವೇ ಅದರ ಬಾಯಿಗೆ ಭದ್ರವಾದ ಮುಚ್ಚಳ ಹಾಕಿಸಿ, ಆ ವಾರದೊಳಗೆ ಕಲ್ಲು ಮಣ್ಣು ತುಂಬಿ ನೆಲಮಟ್ಟಕ್ಕೆ ಮುಚ್ಚಿಸಬೇಕು.